ಮೇಲಿನ ಮನೆ ನೀರು, ಕೆಳಗಿನ ಮನೆ ಚರಂಡಿ

ಕಚೇರಿಗೆ ಕಚೇರಿಯೇ ಅವರನ್ನು ಚರಂಡಿ ಸಾಹೇಬರು ಎಂದು ಕರೆಯುತ್ತಿತ್ತು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಅದು ಅವರ ಕಿವಿಗೆ ಬೀಳದೆ ಇರುತ್ತದೆಯೇ? ಬಿದ್ದಿತ್ತು, ಮತ್ತು ಅವರಿಗೆ ಒಳಗೊಳಗೇ ಖುಷಿಯೂ ಆಗಿತ್ತು. ನದಿ ದಂಡೆಯ ಮಣ್ಣಿನಡಿ ಮಲಗಿದ್ದ ಆ ಪುರಾತನ ನಗರದಲ್ಲಿ ಉಳಿದ ಸಂಶೋಧಕರೆಲ್ಲ ಮಣಿ, ಮುದ್ರೆ, ಬಳೆಚೂರು ಎಂದು ಕಣ್ಣಿಗೆ ಚೆಂದ ಕಾಣುವುದರ ಹಿಂದೆ ಬಿದ್ದಿದ್ದರೆ, ಸಾಹೇಬರು ಕೆಲಸಕ್ಕೆ ಸೇರಿದಂದಿನಿಂದ ಬಗ್ಗಿ ಬಗ್ಗಿ ನೋಡಿದ್ದು ಚರಂಡಿಯನ್ನೇ. ಮನೆ ಕಟ್ಟುವಾಗ ಎಲ್ಲರೂ ಬಾಗಿಲಿಗೆ ಬಣ್ಣ ಬಳಿಯುತ್ತಾರೆ, ಬಚ್ಚಲಲ್ಲಿ ಮಾತ್ರ ನಿಜ ಹೇಳುತ್ತಾರೆ ಎನ್ನುವುದು ಅವರ ವಾದ. ಮದುವೆ ಮನೆಗೆ ಹೋದರೂ ಊಟಕ್ಕೆ ಮೊದಲು ಕೈತೊಳೆಯುವ ಜಾಗದ ನೀರು ಎತ್ತ ಹೋಗುತ್ತದೆಂದು ನೋಡಿಕೊಂಡು ಬರುವ ಮನುಷ್ಯ. ಹೆಂಡತಿ ಅವರ ಜೊತೆ ಎಲ್ಲಿಗೂ ಹೋಗುವುದನ್ನು ಎಂದೋ ಬಿಟ್ಟಿದ್ದರು.

ಇಷ್ಟೆಲ್ಲ ಬಗ್ಗಿದ್ದಕ್ಕೆ ಫಲ ಸಿಗದೆ ಹೋಗಲಿಲ್ಲ. ನಗರದ ಒಂದು ಇಳಿಜಾರು ಓಣಿಯಲ್ಲಿ ಅಕ್ಕಪಕ್ಕ ಅಂಟಿಕೊಂಡಂತೆ ಎರಡು ಮನೆಗಳು ಸಿಕ್ಕವು. ಮೇಲಿನ ಮನೆಯ ಬಚ್ಚಲು ನೀರು ಕೆಳಗಿನ ಮನೆಯ ಮೂಲೆಯನ್ನು ಹಾದು ಬೀದಿಯ ದೊಡ್ಡ ಚರಂಡಿಗೆ ಸೇರುವ ಏರ್ಪಾಡು. ಆದರೆ ಆ ನೀರು ಕೆಳಗಿನ ಮನೆಯೊಳಗೆ ಬರುವ ಜಾಗದಲ್ಲೇ ಯಾರೋ ಒಡಕು ಇಟ್ಟಿಗೆಗಳನ್ನು ಅಡ್ಡ ಇಟ್ಟು, ಮಣ್ಣು ಮೆತ್ತಿ, ದಾರಿ ಕಟ್ಟಿದ್ದರು. ಅಷ್ಟೇ ಅಲ್ಲ, ಎರಡು ಅಡುಗೆಮನೆಗಳ ನಡುವಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದೆರಡು ಇಟ್ಟಿಗೆ ಕಿತ್ತು ಮಾಡಿದ ಒಂದು ಕಿಂಡಿ. ಕಿಂಡಿಯ ಕೆಳಗಿನ ಅಂಚಿಗೆ ಕಪ್ಪು ಮಸಿ.

ಇಷ್ಟು ಸಿಕ್ಕಿದ್ದೇ ತಡ, ಸಾಹೇಬರು ನಗರಕ್ಕೆ ಸಾವಿನ ಪತ್ರ ಬರೆದುಬಿಟ್ಟರು. ಒಬ್ಬರ ಚರಂಡಿಯನ್ನು ಇನ್ನೊಬ್ಬರು ಹಾಡಹಗಲೇ ಕಟ್ಟುತ್ತಾರೆಂದರೆ ಹೇಳುವವರು ಕೇಳುವವರು ಇಲ್ಲದ ಹಾಗಾಗಿತ್ತು, ಆಡಳಿತ ಕುಸಿದಿತ್ತು. ಆಮೇಲೆ ದಾಳಿಕೋರರು ನುಗ್ಗಿದರು, ಗೋಡೆ ಒಡೆದು ಪಂಜು ತೂರಿಸಿ ಮನೆಗೆ ಬೆಂಕಿ ಇಟ್ಟರು. ನಗರದ ಕೊನೆಯ ದಿನ! ಇದರ ಮೇಲೆ ಅವರು ಒಂದು ದಪ್ಪ ಪುಸ್ತಕ ಬರೆದರು. "ಎರಡು ಇಟ್ಟಿಗೆ ಅಗಲದ ಕಿಂಡೀಲಿ ನುಗ್ಗೋಕೆ ದಾಳಿಕೋರರೇನು ಇಲಿಗಳಾ?" ಎಂದು ಸಹೋದ್ಯೋಗಿಯೊಬ್ಬ ಕೇಳಿದ್ದಕ್ಕೆ ಅವನ ಜೊತೆ ಇವತ್ತಿಗೂ ಮಾತಿಲ್ಲ.

ಈಗ ನಿವೃತ್ತಿ ಹತ್ತಿರ ಬಂದಿತ್ತು. ವಸ್ತುಸಂಗ್ರಹಾಲಯದಲ್ಲಿ "ಕೊನೆಯ ದಿನ" ಎಂಬ ಹೊಸ ಕೊಠಡಿ ತೆರೆಯುವ ಮಾತು ನಡೆದಿತ್ತು. ಬಾಗಿಲ ಮೇಲಿನ ಫಲಕಕ್ಕೆ ಬಣ್ಣವೂ ಬಿದ್ದು, ಕೆಳಗೆ ಸಾಹೇಬರ ಹೆಸರು ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಸಮಿತಿಯವರು ಬಂದು ನೋಡಿ ಹೂಂ ಅನ್ನಬೇಕು, ಅಷ್ಟೇ ಬಾಕಿ. ಸಮಿತಿಗೆ ತೋರಿಸಲೆಂದು ಸಾಹೇಬರು ಅವಶೇಷಗಳ ಪಕ್ಕದ ಬಯಲಲ್ಲಿ ಅವೇ ಎರಡು ಮನೆಗಳನ್ನು, ಅದೇ ಅಳತೆಯಲ್ಲಿ, ಅದೇ ಬಗೆಯ ಇಟ್ಟಿಗೆಯಲ್ಲಿ ಹೊಸದಾಗಿ ಕಟ್ಟಿಸಿದರು. ನಗರ ಚೆನ್ನಾಗಿದ್ದ ಕಾಲದಂತೆ, ಅಂದರೆ ಅಡ್ಡ ಇಟ್ಟಿಗೆ ಇಲ್ಲ, ಕಿಂಡಿ ಇಲ್ಲ. ಅದರಲ್ಲಿ ಎರಡು ಸಂಸಾರ ಕೆಲವು ದಿನ ಆ ಕಾಲದವರ ಹಾಗೇ ಬಾಳಿ ತೋರಿಸಬೇಕು. ಒಳ್ಳೆಯ ಕಾಲದಲ್ಲಿ ಜನ ಎಷ್ಟು ಶಿಸ್ತಾಗಿದ್ದರೆಂದು ಸಮಿತಿ ಕಣ್ಣಾರೆ ನೋಡಿದರೆ, ಕೆಟ್ಟ ಕಾಲದ ಕೊಠಡಿಗೆ ಬೆಲೆ ಬರುತ್ತದೆ ಎಂಬುದು ಲೆಕ್ಕಾಚಾರ.

ಆದರೆ ಬಾಳುವವರು ಯಾರು? ಕಚೇರಿಯವರನ್ನು ಕೇಳಿದ ತಕ್ಷಣ ಒಬ್ಬನಿಗೆ ಬೆನ್ನು ನೋವು, ಇನ್ನೊಬ್ಬನಿಗೆ ಮಗುವಿನ ಪರೀಕ್ಷೆ, ಮತ್ತೊಬ್ಬ ಏನೂ ನೆಪ ಹೊಳೆಯದೆ ಸುಮ್ಮನೆ ಓಡಿಹೋದ. ಕೊನೆಗೆ ಸಾಹೇಬರ ಪಾಲಿಗೆ ಉಳಿದದ್ದು ಮನೆ ಮಂದಿಯೇ. ಕೆಳಗಿನ ಮನೆಗೆ ತಾವು ಮತ್ತು ಹೆಂಡತಿ. ಮೇಲಿನ ಮನೆಗೆ ತಂಗಿ ಮತ್ತು ಅವಳ ಗಂಡ. ಅವನು ಗಡಿಯಾರ ರಿಪೇರಿಯವನು, ಗಡಿಯಾರವೇ ಇಲ್ಲದ ಕಾಲಕ್ಕೆ ಹೋಗಿ ಬದುಕು ಎಂದರೆ ಪಾಪ ಏನು ಮಾಡಿಯಾನು, ಬರಿಯ ಮಣಿಕಟ್ಟನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದ.

ಇಲ್ಲೊಂದು ವಿಷಯ ಹೇಳಲೇಬೇಕು. ನೆಲದಡಿ ಆಳಕ್ಕೆ ಹೂತುಹೋದ ಜನರ ಮನಸ್ಸನ್ನು ಓದುತ್ತಿದ್ದ ಈ ಮಹಾನುಭಾವರಿಗೆ ತಮ್ಮ ಹೆಂಡತಿಗೂ ತಂಗಿಗೂ ಎಣ್ಣೆ ಸೀಗೆಕಾಯಿ ಎಂಬುದು ಹೊಳೆದಿರಲೇ ಇಲ್ಲ. ಅವರಿಬ್ಬರ ನಡುವೆ ಇದ್ದದ್ದು ಒಂದು ತಾಮ್ರದ ಹಂಡೆ. ಸಾಹೇಬರ ತಾಯಿ ಅದನ್ನು ಮಗಳಿಗೆ ಕೊಡುತ್ತೇನೆಂದಿದ್ದರೆಂದು ಮಗಳು, ತನ್ನ ಕೈಗೇ ಕೊಟ್ಟು ಕಣ್ಣು ಮುಚ್ಚಿದರೆಂದು ಸೊಸೆ. ಹಂಡೆ ಸೊಸೆಯ ಬಚ್ಚಲಲ್ಲಿತ್ತು. ತಂಗಿ ಅಣ್ಣನ ಮನೆಗೆ ಬಂದಾಗಲೆಲ್ಲ ಕಾಲು ತೊಳೆಯುವ ನೆಪದಲ್ಲಿ ಅದನ್ನು ನೋಡಿ, ಒಂದು ಉಸಿರು ಬಿಟ್ಟು ಹೋಗುತ್ತಿದ್ದಳು.

ನಿಯಮಗಳನ್ನು ಸಾಹೇಬರೇ ಬರೆದಿದ್ದರು. ಬೆಂಕಿಪೆಟ್ಟಿಗೆ ಇಲ್ಲ, ಮೊಬೈಲಿಲ್ಲ, ಹೊರಗಿನ ಊಟ ಇಲ್ಲ. ಮಣ್ಣಿನ ಮಡಕೆ, ಮಣ್ಣಿನ ಸೌಟು, ಕಲ್ಲಿನ ಚಾಕು, ಬೇಯಿಸಿದ ಬಾರ್ಲಿ. ಒಲೆ ಆರಿದರೆ ಪಕ್ಕದ ಮನೆಯಿಂದಲೇ ಕೆಂಡ ತರಬೇಕು. ಮೊದಲ ದಿನ ಗಡಿಯಾರದವನು ಕಟ್ಟಿಗೆಗೆ ಕಟ್ಟಿಗೆ ತಿಕ್ಕಿ, ಅಂಗೈ ಬೊಬ್ಬೆ ಬಂದು, ಬಾಯಲ್ಲಿ ಬರಬಾರದ್ದೆಲ್ಲ ಬಂದು, ಅಂತೂ ಒಂದು ಕಿಡಿ ಹುಟ್ಟಿಸಿದ. ಎರಡೂ ಒಲೆ ಹೊತ್ತಿದವು. "ಭಾವ, ಇನ್ನೊಂದ್ಸಲ ಹೇಳಿದ್ರೆ ನಾನು ನಡ್ಕೊಂಡೇ ಮನೆಗೆ ಹೋಗ್ತೀನಿ" ಎಂದು ಕೈಗೆ ಬಟ್ಟೆ ಸುತ್ತಿಕೊಂಡ.

ಮೊದಮೊದಲು ಎಲ್ಲ ಸುಸೂತ್ರ. ಮೂರನೆಯ ಬೆಳಿಗ್ಗೆ ಸಾಹೇಬರ ಹೆಂಡತಿ ಬಚ್ಚಲ ಕಟ್ಟೆಯ ಮೇಲೆ ಕೂತು ತಲೆಗೆ ನೀರು ಹೊಯ್ದುಕೊಳ್ಳುತ್ತಿರುವಾಗ, ಮೇಲಿನ ಮನೆಯಿಂದ ಬಾರ್ಲಿ ತೊಳೆದ ನೀರು, ಅದರ ಬೆನ್ನಿಗೆ ಹೊಟ್ಟು, ಹೊಟ್ಟಿನ ಬೆನ್ನಿಗೆ ಒಲೆ ಬೂದಿ, ಹೀಗೆ ಮೆರವಣಿಗೆ ಹೊರಟು ಅವರ ಕಾಲಬುಡಕ್ಕೇ ಬಂದು ನಿಂತಿತು.

"ಏನಮ್ಮಾ ಇದು? ನಾನು ಸ್ನಾನಕ್ಕೆ ಕೂತಿದೀನಿ ಅಂತ ಗೊತ್ತಾಗಲ್ವಾ ನಿಂಗೆ?"

"ಗೋಡೆ ಆಚೆ ಇರೋದು ನಂಗೆ ಹೇಗೆ ಕಾಣ್ಸುತ್ತೆ ಅತ್ತಿಗೆ? ಚರಂಡಿ ಅಣ್ಣ ಮಾಡಿದ್ದು. ನೀರು ಇಳಿಜಾರಿಗೆ ಹರಿಯುತ್ತೆ, ನನ್ನ ಮಾತು ಕೇಳಲ್ಲ."

"ಬೂದಿ ಹಾಕು ಅಂತಾನೂ ಅಣ್ಣನೇ ಹೇಳಿದ್ನಾ?"

"ತಾಮ್ರದ ಹಂಡೆ ಇದ್ದಿದ್ರೆ ಅದಕ್ಕೆ ತುಂಬಿ ಹೊರಗೆ ಚೆಲ್ಲುತ್ತಿದ್ದೆ. ಏನ್ಮಾಡ್ಲಿ, ನನ್ನ ಹತ್ರ ಇಲ್ವಲ್ಲ!"

ಮುಗಿಯಿತು. ಹಂಡೆಯ ಹೆಸರು ಬಂದ ಮೇಲೆ ಚರಂಡಿಯ ಗತಿ ಕೇಳುವವರಾರು? ತಂಗಿ ಇನ್ನು ಅತ್ತಿಗೆಯ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಅತ್ತಿಗೆ ನಾದಿನಿಯ ಹೊಸ್ತಿಲು ತುಳಿಯುವುದಿಲ್ಲ ಎಂದರು. ಅವಳ ಮನೆಯ ಒಂದು ಹುಲ್ಲುಕಡ್ಡಿ ಕೂಡ ತನ್ನ ಬಾಗಿಲು ದಾಟಿ ಬರಕೂಡದು, ಬಂದರೆ ತಾನಲ್ಲಿರುವುದಿಲ್ಲ ಎಂದೂ ಸೇರಿಸಿದರು. ಸಾಹೇಬರು ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡು, ಅವಶೇಷ ನೋಡುವ ನೆಪ ಮಾಡಿ ಬಯಲಿಗೆ ಹೋದರು.

ಮಧ್ಯಾಹ್ನ ವಾಪಸು ಬಂದು ನೋಡುತ್ತಾರೆ, ಬಚ್ಚಲಲ್ಲಿ ಗೋಡೆ! ಗಾರೆಯವನು ಬಿಟ್ಟುಹೋಗಿದ್ದ ಒಡಕು ಇಟ್ಟಿಗೆಗಳನ್ನು ಹೆಂಡತಿ ತಾವೇ ಹೊತ್ತು ತಂದು, ಮೇಲಿನ ಮನೆಯ ನೀರು ಬರುವ ಬಾಯಿಗೆ ಅಡ್ಡ ಜೋಡಿಸಿ, ಮಣ್ಣು ಮೆತ್ತಿ, ಕೈ ತೊಳೆದುಕೊಳ್ಳುತ್ತಿದ್ದರು.

ಸಾಹೇಬರಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಬಗ್ಗಿ ಗೇಣು ಹಾಕಿ ಅಳೆದರು. ಅದೇ ಜಾಗ. ಅಷ್ಟೇ ಎತ್ತರ. ತಮ್ಮ ಪುಸ್ತಕದ ಚಿತ್ರವೇ ಎದ್ದು ಬಂದು ಹಸಿ ಮಣ್ಣಿನ ವಾಸನೆ ಹೊಡೆಯುತ್ತಿತ್ತು.

"ಯಾಕೆ ಇಲ್ಲೇ ಕಟ್ಟಿದೆ?"

"ಕಟ್ಟೆ ಮೇಲೆ ಕೂತ್ರೆ ಕೈ ಎಟುಕೋದು ಇಲ್ಲಿಗೇ ಕಣ್ರೀ."

"ಇಷ್ಟೇ ಎತ್ತರ ಯಾಕೆ?"

"ಇಟ್ಟಿಗೆ ಇದ್ದಿದ್ದೇ ಇಷ್ಟು."

ಸಾಹೇಬರು ಮೇಲಿನ ಸಾಲಿಗೆ ಬೆರಳು ಮುಟ್ಟಿಸಿದರು. ಹಳೆಯ ಮನೆಯ ಅಡ್ಡಗೋಡೆಯಲ್ಲಿ ಮೇಲಿನ ಸಾಲು ಮಾತ್ರ ಮಲಗಿಸಿದ್ದಲ್ಲ, ಅಂಚಿನ ಮೇಲೆ ನಿಲ್ಲಿಸಿದ್ದು. ಕಟ್ಟಡ ಕಲೆಯ ಅವನತಿ ಎಂದು ಅದರ ಮೇಲೆ ಅವರು ಒಂದು ಅಧ್ಯಾಯವನ್ನೇ ಬರೆದಿದ್ದರು. ಹೆಂಡತಿಯ ಗೋಡೆಯಲ್ಲೂ ಮೇಲಿನ ಸಾಲು ನಿಂತೇ ಇತ್ತು.

"ಮತ್ತೆ ಈ ಮೇಲಿನ ಸಾಲು... ಹೀಗೆ ಯಾಕೆ ನಿಲ್ಲಿಸಿದೆ?"

"ಮಲಗಿಸಿದ್ರೆ ಸಂದಿ ಉಳೀತಿತ್ತು. ಅವಳು ಬೂದಿ ತೂರಿಸೋಕೆ ಅಷ್ಟು ಸಂದಿ ಸಾಕು. ಏನ್ರೀ, ಪರೀಕ್ಷೆ ಮಾಡ್ತಿದೀರಾ ನನ್ನ? ಹೋಗಿ, ನಿಮ್ಮ ತಂಗೀನ ಕೇಳಿ!"

ಒಂದು ಅಧ್ಯಾಯ ಹೀಗೆ ಒಂದೇ ಮಾತಿಗೆ ಮಣ್ಣುಪಾಲಾಯಿತು. ಆದರೂ ಮೂವತ್ತು ವರ್ಷ ಸಾಕಿದ ಸಿದ್ಧಾಂತ ಅಷ್ಟು ಸುಲಭಕ್ಕೆ ಸಾಯುತ್ತದೆಯೇ? ಅಡ್ಡಗೋಡೆ ಹೋದರೆ ಹೋಗಲಿ, ಕಿಂಡಿ ಇದೆಯಲ್ಲ, ಮಸಿ ಇದೆಯಲ್ಲ, ದಾಳಿಕೋರರ ಬೆಂಕಿ ಇದೆಯಲ್ಲ ಎಂದು ಸಾಹೇಬರು ತಮಗೆ ತಾವೇ ಧೈರ್ಯ ಹೇಳಿಕೊಂಡರು. ಸಮಿತಿ ಬರುವ ಹೊತ್ತಿಗೆ ಅಡ್ಡಗೋಡೆಯನ್ನು ಮೆಲ್ಲಗೆ ತೆಗೆಸಿಬಿಟ್ಟರಾಯಿತು.

ಇತ್ತ ಮೇಲಿನ ಮನೆಯಲ್ಲಿ ನೀರು ನಿಂತಿತು. ತಂಗಿ ಅದನ್ನು ಮಡಕೆಯಲ್ಲಿ ಮೊಗೆದು ಮೊಗೆದು ಬೀದಿಗೆ ಚೆಲ್ಲತೊಡಗಿದಳು, ಬೀದಿಯಲ್ಲಿ ಅಷ್ಟು ಜಾಗವಿದ್ದರೂ ಸರಿಯಾಗಿ ಅತ್ತಿಗೆಯ ಬಾಗಿಲ ಮುಂದೆಯೇ. ಅತ್ತಿಗೆ ಅಡ್ಡಗೋಡೆಗೆ ಕಿವಿಯಿಟ್ಟು ಮೇಲೆ ನೀರು ನಿಂತಿದೆಯೋ ಇಲ್ಲವೋ ಎಂದು ಕೇಳುತ್ತ ಕೂತರು. ಆ ಸಂಭ್ರಮದಲ್ಲಿ ಒಲೆ ನೆನಪಾಗಲಿಲ್ಲ. ನೆನಪಾದಾಗ ಒಲೆಯಲ್ಲಿ ಬರೀ ಬೂದಿ.

"ತಂಗಿ ಹತ್ರ ಒಂದು ಕೆಂಡ ಇಸ್ಕೊಂಡು ಬರ್ಲಾ?" ಎಂದು ಸಾಹೇಬರು ಕೇಳಿದರು.

"ಆ ಬಾಗಿಲಿಂದ ಈ ಬಾಗಿಲಿಗೆ ಅವಳ ಮನೆ ಬೆಂಕಿ ಬಂದ್ರೆ ನಾನು ಎದ್ದು ಹೋಗ್ತೀನಿ. ಹೇಳಿದೀನಿ ಅಲ್ವಾ?"

ಸಾಹೇಬರು ತಂಗಿಯ ಬಾಗಿಲಿಗೆ ಹೋದರು. "ಅತ್ತಿಗೆ ಬಂದು ಕೇಳಲಿ, ಕೊಡ್ತೀನಿ" ಎಂದಳು ಅವಳು. ಗಡಿಯಾರದವನ ಕಡೆ ನೋಡಿದರೆ, ಅವನು ಬಟ್ಟೆ ಸುತ್ತಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಅಂದು ಕೆಳಗಿನ ಮನೆಯಲ್ಲಿ ನೆನೆಸಿದ ಬಾರ್ಲಿ. ಮರುದಿನವೂ ನೆನೆಸಿದ ಬಾರ್ಲಿ. ಅಗಿದು ಅಗಿದು ಸಾಹೇಬರ ದವಡೆ ಜುಮ್ಮೆಂದಿತು. ಸಂಜೆ ಮೇಲಿನ ಮನೆಯಿಂದ ಬಿಸಿ ಗಂಜಿಯ ಘಮ ಗೋಡೆ ದಾಟಿ ಬರುತ್ತಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

"ನೀವು ಹೋಗಿ, ಅವಳ ಮನೇಲಿ ಊಟ ಮಾಡಿ ಬನ್ನಿ" ಎಂದರು ಹೆಂಡತಿ. "ನಂಗೆ ಹಸಿವಿಲ್ಲ."

ದನಿ ಬಹಳ ಸಣ್ಣದಾಗಿತ್ತು. ಆದರೆ ಗೋಡೆಯಾಚೆ ಒಲೆ ಮುಂದೆ ಕೂತಿದ್ದ ತಂಗಿಗೆ ಅದು ಕೇಳಿತು. ಕೇಳಿದ್ದಷ್ಟೇ ಅಲ್ಲ, ಆ ಮಾತಿನ ಗುರುತೂ ಹತ್ತಿತು. ಅತ್ತಿಗೆ ಮದುವೆಯಾಗಿ ಬಂದಾಗ ಅವಳಿನ್ನೂ ಲಂಗ ತೊಟ್ಟ ಹುಡುಗಿ. ಮನೆಯಲ್ಲಿ ತುಪ್ಪದ ತಿಂಡಿ ಕಡಿಮೆ ಬಿದ್ದ ದಿನ ಅತ್ತಿಗೆ ತಮ್ಮ ಪಾಲನ್ನು ಅವಳ ತಟ್ಟೆಗೆ ಸರಿಸಿ, ಇದೇ ಸಣ್ಣ ದನಿಯಲ್ಲಿ, ನಂಗೆ ಹಸಿವಿಲ್ಲ ಎನ್ನುತ್ತಿದ್ದರು. ಹುಡುಗಿ ಆಗ ಅದನ್ನು ನಂಬಿ ತಿಂದುಬಿಡುತ್ತಿದ್ದಳು. ಈಗ ನಂಬುವ ವಯಸ್ಸಲ್ಲ.

ತಂಗಿ ಕಲ್ಲಿನ ಚಾಕು ತೆಗೆದುಕೊಂಡಳು. ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದಾಳೆ, ತುಳಿಯುವುದಿಲ್ಲ. ಬಾಗಿಲಲ್ಲಿ ಏನೂ ದಾಟಕೂಡದು ಎಂದಿದ್ದಾರೆ, ದಾಟುವುದಿಲ್ಲ. ಗೋಡೆಯ ವಿಚಾರ ಯಾರೂ ಎತ್ತಿಲ್ಲ. ಇಟ್ಟಿಗೆಯ ಸುತ್ತಲ ಮಣ್ಣನ್ನು ಕೆರೆದಳು, ಅಲ್ಲಾಡಿಸಿದಳು, ಒಂದನ್ನು ಎಳೆದು ತೆಗೆದಳು, ಪಕ್ಕದ ಇನ್ನೊಂದನ್ನೂ ತೆಗೆದಳು. ಈಚೆ ಗಂಡ ಹೆಂಡತಿ ಬಾಯಿ ಬಿಟ್ಟುಕೊಂಡು ನೋಡುತ್ತಿರುವಂತೆಯೇ ಗೋಡೆಯಿಂದ ಒಂದು ಕೈ ಬಂತು. ಕೈಯಲ್ಲಿ ಮಣ್ಣಿನ ಸೌಟು, ಸೌಟಿನಲ್ಲಿ ಕೆಂಡ.

"ಅತ್ತಿಗೆ, ತಗೊಳ್ಳಿ. ಮಾತಾಡ್ತಿದೀನಿ ಅಂತ ತಿಳ್ಕೋಬೇಡಿ."

"ಯಾರು ತಿಳ್ಕೊಂಡ್ರು?" ಎಂದರು ಅತ್ತಿಗೆ. "ಆ ಸೌಟನ್ನ ಅಂಚಿನ ಮೇಲೆ ಊರು. ಕೈ ಸುಟ್ಕೋತೀಯ, ಮೊದ್ಲೇ ಅವಸರದ ಹುಡುಗಿ."

ಸೌಟು ಕಿಂಡಿಯ ಕೆಳಗಿನ ಅಂಚಿನ ಮೇಲೆ ಕೂತಿತು. ಅತ್ತಿಗೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಎಳೆದ ಜಾಗದಲ್ಲಿ, ಹೊಸ ಇಟ್ಟಿಗೆಯ ಮೇಲೆ, ಒಂದು ಕಪ್ಪು ಗೆರೆ ಉಳಿಯಿತು.

ಸಾಹೇಬರು ಆ ಗೆರೆಯನ್ನು ನೋಡಿದರು. ಒಲೆ ಹೊತ್ತಿತು, ಗಂಜಿ ಬೆಂದಿತು, ಬಿಸಿ ಗಂಜಿ ಎದುರಿಗೆ ಬಂತು, ಅವರು ಆ ಗೆರೆಯನ್ನೇ ನೋಡುತ್ತಿದ್ದರು. "ಇವರಿಗೇನಾಯ್ತು, ಹಸಿದಿದ್ದಾಗ ಒಂದೇ ಸಮ ಗೊಣಗ್ತಿದ್ರು!" ಎಂದು ಹೆಂಡತಿ ಕಿಂಡಿಯತ್ತ ತಿರುಗಿ ಹೇಳಿದರು. "ಅಣ್ಣ ಚಿಕ್ಕಂದಿನಿಂದ್ಲೂ ಹಾಗೇ" ಎಂದಿತು ಕಿಂಡಿ.

ಬೆಳಕು ಹರಿಯುವ ಮೊದಲೇ ಸಾಹೇಬರು ಬಯಲು ದಾಟಿ ನಿಜವಾದ ಮನೆಗಳಿಗೆ ಓಡಿದರು. ಆ ಹಳೆಯ ಗೋಡೆಯ ಮುಂದೆ ಮಂಡಿಯೂರಿ, ಅಳತೆಪಟ್ಟಿ ಇಲ್ಲದೆ, ಬ್ರಷ್ಷಿಲ್ಲದೆ, ಮೊದಲ ಸಲ ಬರಿಗೈಯನ್ನು ಆ ಕಿಂಡಿಯೊಳಗೆ ತೂರಿಸಿದರು. ಕೈ ಸಲೀಸಾಗಿ ಹೋಯಿತು. ಅಂಚುಗಳು ನುಣ್ಣಗಿದ್ದವು. ಮಳೆ ಗಾಳಿಗೆ ಸವೆದಿದ್ದು ಎಂದು ಅವರು ಬರೆದಿದ್ದರು. ಒಳಗೋಡೆಗೆ ಎಲ್ಲಿಯ ಮಳೆ, ಎಲ್ಲಿಯ ಗಾಳಿ? ತೋಳು ತಾಗಿ ತಾಗಿ ಸವೆದದ್ದು. ಒಂದು ದಿನದ್ದಲ್ಲ, ಒಂದು ವರ್ಷದ್ದಲ್ಲ. ಯಾರೋ ಇಬ್ಬರು ಹೆಂಗಸರು ಜೀವಮಾನವಿಡೀ ಅದರಲ್ಲಿ ಕೆಂಡ ಕೊಟ್ಟಿದ್ದರು, ಉಪ್ಪು ಕೇಳಿದ್ದರು, ಗಂಡಂದಿರನ್ನು ಬೈದಿದ್ದರು. ತಾನು ಮೂವತ್ತು ವರ್ಷ ಅವರನ್ನು ಸಾಯಿಸಿದ್ದೇ ಸಾಯಿಸಿದ್ದು. ಪುಸ್ತಕ ಹೋಯಿತಲ್ಲ ಎಂದು ಸಾಹೇಬರಿಗೆ ಸಂಕಟವಾಯಿತು. ಆ ಹೆಂಗಸರು ದಾಳಿಗೆ ಸತ್ತಿರಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಎರಡೂ ಒಟ್ಟಿಗೇ ಆಗಿ, ಅಳುವುದೋ ನಗುವುದೋ ತಿಳಿಯದೆ ಕೈಯನ್ನು ಕಿಂಡಿಯಲ್ಲೇ ಬಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಸಮಿತಿ ಬರುವುದು ಅಂದೇ. ಸಾಹೇಬರು ವಾಪಸು ಬರುವಷ್ಟರಲ್ಲಿ, ಅವರು ಮೊದಲೇ ಹೇಳಿಕಳಿಸಿದ್ದ ಗಾರೆಯವನು ಮಣ್ಣು ಕಲಸಿಕೊಂಡು ಬಚ್ಚಲಲ್ಲಿ ಕಾಯುತ್ತಿದ್ದ.

"ಚರಂಡಿಗೆ ಅಡ್ಡ ಇರೋದನ್ನ ತೆಗೆದು ಕಿಂಡಿ ಮುಚ್ಚಿಬಿಡ್ಲಾ ಸಾಹೇಬ್ರೇ? ಒಂದು ಗಳಿಗೆ ಕೆಲಸ. ಯಾರಿಗೂ ಗೊತ್ತಾಗಲ್ಲ."

ಸಾಹೇಬರಿಗೆ ಫಲಕ ಕಣ್ಣಮುಂದೆ ಬಂತು. ಚಿನ್ನದ ಬಣ್ಣದ ತಮ್ಮ ಹೆಸರು ಬಂತು. ದಾಳಿಕೋರರು ಇಲಿಗಳಾ ಎಂದು ಕೇಳಿದ್ದ ಸಹೋದ್ಯೋಗಿ ಬಾಯ್ತುಂಬ ನಗುವುದೂ ಕಂಡಿತು. ಹೂಂ ಎಂದರೆ ಎಲ್ಲ ಉಳಿಯುತ್ತಿತ್ತು. ಗಂಟಲವರೆಗೂ ಬಂದಿತ್ತು ಆ ಹೂಂ.

"ಬೇಡ ಬಿಡು" ಎಂದರು.

ಸಮಿತಿಯ ಅಧ್ಯಕ್ಷೆ ನಗು ಕಾಣದ ಮುಖದ, ಬಿಳಿಗೂದಲ ಹೆಂಗಸು. ಪುಸ್ತಕವನ್ನು ಓದಿಕೊಂಡೇ ಬಂದಿದ್ದರು. ಬಚ್ಚಲು ನೋಡಿದರು, ಅಡುಗೆಮನೆ ನೋಡಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಇದು ನಗರ ಚೆನ್ನಾಗಿದ್ದ ಕಾಲದ ಮನೆ ಅಂದ್ರಿ. ಕೊನೆಯ ದಿನದ ಗುರುತೆಲ್ಲ ಇಲ್ಲೇ ಇದೆಯಲ್ಲ?"

ಸಾಹೇಬರು ಎಲ್ಲ ಹೇಳಿದರು. ಬೂದಿ ಹೇಳಿದರು, ನೆನೆಸಿದ ಬಾರ್ಲಿ ಹೇಳಿದರು, ತಾಮ್ರದ ಹಂಡೆಯನ್ನೂ ಬಿಡಲಿಲ್ಲ. ಹೆಂಡತಿ ಅವರ ತೋಳು ಚಿವುಟಿದರೂ ನಿಲ್ಲಿಸಲಿಲ್ಲ. "ನಾನು ಬರೆದಿದ್ದು ತಪ್ಪು ಮೇಡಂ. ಅಲ್ಲಿ ಯಾರೂ ಬೆಂಕಿ ಇಟ್ಟಿರಲಿಲ್ಲ. ಬೆಂಕಿ ಕೊಟ್ಟಿದ್ರು, ಅಷ್ಟೇ. ನಗರ ಹೇಗೆ ಮುಗೀತೋ ನಂಗೆ ಗೊತ್ತಿಲ್ಲ. ಈ ಎರಡು ಮನೇಲಂತೂ ಅಲ್ಲ."

ಅಧ್ಯಕ್ಷೆ ಸುಲಭಕ್ಕೆ ಬಿಡುವವರಲ್ಲ. "ಆಯ್ತು, ಇಬ್ರೂ ರಾಜಿ ಆದ್ರು ಅಂತಾನೇ ಇಟ್ಕೊಳ್ಳೋಣ. ಹಾಗಾದ್ರೆ ಚರಂಡಿಗೆ ಅಡ್ಡ ಇಟ್ಟಿದ್ದನ್ನ ಯಾಕೆ ತೆಗೀಲಿಲ್ಲ? ಅಲ್ಲಿ ಮಣ್ಣಾಗೋವರೆಗೂ ಹಾಗೇ ಇತ್ತಲ್ಲ. ಕೆಂಡ ಕೊಡುವಷ್ಟು ಪ್ರೀತಿ ಇದ್ದೋರು ನೀರು ಬಿಡಲಿಲ್ವಾ?"

ಪ್ರಶ್ನೆ ಸರಿಯಾಗಿತ್ತು. ಹಳೆಯ ಸಿದ್ಧಾಂತವೂ ಹೋಗಿ ಹೊಸದೂ ಕೈಬಿಡುವ ಹೊತ್ತಿನಲ್ಲಿ ಸಾಹೇಬರು ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಅಲ್ಲ ಕಣೇ, ಈಗ ಎಲ್ಲ ಸರಿಹೋಯ್ತಲ್ಲ, ಆ ಇಟ್ಟಿಗೆ ತೆಗೆಸಿಬಿಡೋಣ್ವಾ?"

"ಅದು ಬೇರೆ, ಇದು ಬೇರೆ!" ಎಂದರು ಹೆಂಡತಿ.

"ಅದು ಬೇರೆ, ಇದು ಬೇರೆ ಅಣ್ಣಾ!" ಎಂದಿತು ಅದೇ ಗಳಿಗೆಗೆ ಗೋಡೆಯಾಚೆಯ ದನಿ.

ಸಮಿತಿಯ ಗಂಡಸರು ನಕ್ಕರು. ಅಧ್ಯಕ್ಷೆ ನಗಲಿಲ್ಲ. "ಆ ಫಲಕ ಅಳಿಸೋಕೆ ಹೇಳಿ" ಎಂದು ಪಕ್ಕದವರಿಗೆ ಹೇಳಿದರು. ಸಾಹೇಬರು ತಲೆ ತಗ್ಗಿಸಿದರು. "ಕೊಠಡಿ ಇರಲಿ. ಈ ಎರಡು ಅಡುಗೆಮನೆ, ನಡುವೆ ಗೋಡೆ, ಇಷ್ಟೇ ಇಡೋಣ. ಏನು ಹೆಸರು ಅಂತ ಆಮೇಲೆ ನೋಡೋಣ."

ಉಳಿದವರು ಹೊರಗೆ ನಡೆದರು. ಅಧ್ಯಕ್ಷೆ ಹೋಗಲಿಲ್ಲ, ಕಿಂಡಿಯ ಮುಂದೆಯೇ ನಿಂತರು.

"ನಮ್ಮಕ್ಕನ ಮನೆಗೂ ನಮ್ಮನೆಗೂ ಒಂದೇ ಗೋಡೆ" ಎಂದರು, ಯಾರಿಗೆಂದು ತಿಳಿಯದಂತೆ. "ಇಪ್ಪತ್ತು ವರ್ಷದಿಂದ ಅಡ್ಡ ಇಟ್ಟಿಗೆ ಮಾತ್ರ ಇದೆ."

ಸಾಹೇಬರ ಹೆಂಡತಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅಧ್ಯಕ್ಷೆ ಬಗ್ಗಿ, ಕೈಯನ್ನು ಅಷ್ಟಷ್ಟೇ ಕಿಂಡಿಯೊಳಗೆ ಚಾಚಿದರು.

ಆಚೆ ಮಡಕೆಯ ಸದ್ದಾಯಿತು. ಚಾಚಿದ ಅಂಗೈ ಮೇಲೆ ಗಂಜಿಯ ಬಟ್ಟಲೊಂದು ಬಂದು ಕೂತಿತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತಿಗೆ, ಬಿಸಿ ಇದೆ" ಎಂದಳು ತಂಗಿ. "ಆ ಸಮಿತಿಯೋರು ಇನ್ನೂ ತೊಲಗಲಿಲ್ವಾ?"

ಅಧ್ಯಕ್ಷೆ ಎರಡೂ ಕೈಯಿಂದ ಹಿಡಿದುಕೊಂಡರು.